ಡೇಗೆ ಸಂಡೇ, ಮನಿಗೆ ಹನಿ

ಇಂಗ್ಲಿಷ್ ಕಲಿಸುವವರು ನಗು ಹುಡುಕಿಕೊಂಡು ಎಲ್ಲಿಗೂ ಹೋಗಬೇಕಿಲ್ಲ. ಅದು ದಿನಾ ನಮಗಿಂತ ಮೊದಲೇ ಕ್ಲಾಸಿಗೆ ಬಂದು ಕೂತಿರುತ್ತದೆ. ಅದರಲ್ಲೂ ಪರೀಕ್ಷೆಗೆ ‘ರೈಮಿಂಗ್ ವರ್ಡ್ಸ್’ ಅಂತ ಒಂದು ಪ್ರಶ್ನೆ ಬರುತ್ತದಲ್ಲ, ಒಂದು ಪದ ಕೊಟ್ಟು ಅದೇ ದನಿಯಲ್ಲಿ ಮುಗಿಯುವ ಇನ್ನೊಂದು ಪದ ಬರೆಯಿರಿ ಅನ್ನುತ್ತಾರಲ್ಲ, ಅದು. ಸುಲಭದ ಅಂಕ ಅಂತ ಎಲ್ಲರೂ ಹೇಳುತ್ತಾರೆ. ಆಳಂದ, ಅಫಜಲಪುರ, ಜೇವರ್ಗಿ, ಮೂರೂ ತಾಲೂಕಿನಲ್ಲಿ ಇಂಗ್ಲಿಷ್ ಟೀಚರ್ ಆಗಿ ದುಡಿದಿದ್ದೇನೆ. ಆ ಸುಲಭದ ಅಂಕ ನನ್ನನ್ನು ಎಲ್ಲಿಯೂ ಸುಮ್ಮನೆ ಬಿಟ್ಟಿಲ್ಲ.

ವಾರದ ಲೆಕ್ಕ

ನೌಕರಿ ಸಿಕ್ಕ ಹೊಸತು. ಆಳಂದ ತಾಲೂಕಿನ ಒಂದು ಹಳ್ಳಿ ಸಾಲಿ, ಆರನೇ ಕ್ಲಾಸು. ಹಲಗೆ ಮೇಲೆ ‘ಡೇ’ ಅಂತ ಬರೆದು, “ಕೊನೀಗಿ ಇದೇ ದನಿ ಬರಬೇಕು. ಯಾರು ಹೇಳ್ತೀರಿ?” ಅಂದೆ.

ಮುಂದಿನ ಸಾಲಿನ ಹುಡುಗಿ ಎದ್ದು ಕೈಕಟ್ಟಿ ನಿಂತಳು. “ಸಂಡೇರಿ, ಮಂಡೇರಿ, ಟ್ಯೂಸ್‌ಡೇರಿ…”

ಸಾಕು ಅಂತ ಕೈ ಎತ್ತಿದೆ. ಅವಳು ಅದನ್ನು ಶಹಬ್ಬಾಸ್‌ಗಿರಿ ಅಂದುಕೊಂಡು ಒಂದೇ ಉಸಿರಿನಲ್ಲಿ ಶನಿವಾರ ಮುಟ್ಟಿದಳು. ತಪ್ಪು ಅನ್ನೋಣವೆಂದರೆ ಒಂದೂ ತಪ್ಪಿಲ್ಲ.

“ಭೇಷ್. ಬ್ಯಾರೆ ಇನ್ನೊಂದು ಹೇಳವ್ವ,” ಅಂದೆ.

ಹುಡುಗಿಯ ಕಣ್ಣಲ್ಲಿ ನೀರೇ ಬಂತು. “ಇನ್ನೆಲ್ಲಿಂದ ತರ್ಲಿರಿ ಟೀಚರ್? ವಾರ ಮುಗೀತಲ್ರಿ!”

ಸೋರುವ ಪಾಠ

ಅದೇ ಹುಡುಗಿ ಜ್ವರ ಬಂದು ಎರಡು ದಿನ ಸಾಲಿಗೆ ಬರಲಿಲ್ಲ. ನೋಡಿ ಬರೋಣ ಅಂತ ಅವರ ಮನೆಗೆ ಹೋದೆ. ಮಳೆಗಾಲ. ಹುಡುಗಿ ಗೆಲುವಾಗಿ ಕಟ್ಟೆ ಮೇಲೆ ಕೂತಿದ್ದಳು, ಅವಳಪ್ಪ ಆಚೆ ಬೇವಿನ ಗಿಡದ ಕೆಳಗೆ ನಾಲ್ಕಾರು ಮಂದಿಯ ಜೊತೆ ಮಾತಾಡುತ್ತ ನಿಂತಿದ್ದ, ಒಳಗೆ ಅವ್ವ ರೊಟ್ಟಿ ಬಡಿಯುತ್ತಿದ್ದಳು. ಸುಮ್ಮನೆ ಕೂಡುವುದೇಕೆ ಅಂತ ಕೇಳಿದೆ, “ಇಂಗ್ಲಿಷ್‌ನಾಗ ರೊಕ್ಕಕ್ಕ ‘ಮನಿ’ ಅಂತಾರ. ಅದಕ್ಕ ಪ್ರಾಸ ಯಾವುದು?”

ಪಾಠ ಅವಳಿಗೆ ಬಾಯಿಪಾಠವಾಗಿತ್ತು. ಓಣಿಗೆಲ್ಲ ಕೇಳುವ ಹಾಗೆ ಕೂಗಿದಳು. “ಹನಿ! ಮನಿ, ಹನಿ! ಮನಿ, ಹನಿ!”

ಒಳಗೆ ರೊಟ್ಟಿಯ ಸಪ್ಪಳ ನಿಂತಿತು. ಹಿಟ್ಟಿನ ಕೈಯಲ್ಲೇ ಅವ್ವ ಹೊರಗೆ ಬಂದಳು.

“ಬಾಯಿ ಮುಚ್ಚ ಬೇ! ಊರಾಗ ಎಲ್ಲಾರ ಮನೀನೂ ಸೋರ್ತಾವ. ನೀ ಒಬ್ಬಾಕೀನೇ ಡಂಗುರಾ ಹೊಡೀತಿ?” ಆಮೇಲೆ ನನ್ನ ಕಡೆ ತಿರುಗಿ ದನಿ ಇಳಿಸಿದಳು. “ಭಾಳ ಇಲ್ರಿ ಟೀಚರ್, ಮೂಲ್ಯಾಗ ಎರಡೇ ಹನಿ ಬೀಳ್ತಾವ. ಇವರಪ್ಪಗ ಹೇಳಿ ಹೇಳಿ ನನಗ ಸಾಕಾಗೇದ.”

ಇದು ಇಂಗ್ಲಿಷ್, ಹನಿ ಅಂದರೆ ಜೇನುತುಪ್ಪ ಅಂತ ನಾನು ಬಿಡಿಸಿ ಹೇಳಿದೆ. ಆಕೆ ಪೂರಾ ಕೇಳಿಸಿಕೊಂಡಳು.

“ಜೇನರೆ ಇರ್ಲಿ, ನೀರರೆ ಇರ್ಲಿ. ಮ್ಯಾಲಿಂದ ಬೀಳೋದಂತೂ ಬೀಳ್ತದಲ್ರಿ!”

ಗಿಡದ ಕೆಳಗಿದ್ದವರೆಲ್ಲ ನಕ್ಕರು, ಅಪ್ಪನೊಬ್ಬನನ್ನು ಬಿಟ್ಟು. ನಾಲ್ಕೇ ದಿನಕ್ಕೆ ಆ ಮಾಳಿಗೆ ಮೇಲೆ ಹೊಸ ತಗಡು ಹೊಳೆಯುತ್ತಿತ್ತು. ನನ್ನ ಪಾಠದಿಂದ ಯಾರಿಗೆ ಎಷ್ಟು ಇಂಗ್ಲಿಷ್ ಬಂತೋ ಗೊತ್ತಿಲ್ಲ, ಒಂದು ಮನೆ ಸೋರುವುದಂತೂ ನಿಂತಿತು.

ಬಸ್

ಮಾದನಹಿಪ್ಪರಗಾದಿಂದ ಆಳಂದಕ್ಕೆ ಬರುವ ಬಸ್ಸು. ಮರುದಿನದ ಪಾಠಕ್ಕೆ ‘ಬಸ್’ ಪದಕ್ಕೆ ಪ್ರಾಸ ಹುಡುಕುತ್ತ ಕಿಟಕಿ ಪಕ್ಕ ಕೂತಿದ್ದೆ. ಬಾಜೂಕ್ಕೆ ಒಬ್ಬರು ವಯಸ್ಸಾದ ಮುಸ್ಲಿಂ ಹೆಂಗಸು. ಹುರಿದ ಶೇಂಗಾದ ಪೊಟ್ಟಣ ಬಿಚ್ಚಿ, “ತಗೋ ಬೇಟಿ,” ಅಂತ ಕರೆದರು. ಅಂಗೈ ಚಾಚಿದೆ, ಗಮನವೆಲ್ಲ ಪ್ರಾಸದ ಮೇಲೆ. ಅವರು ಹಾಕುತ್ತಿದ್ದಾರೆ, ನನ್ನ ಬಾಯಲ್ಲಿ “ಬಸ್… ಬಸ್… ಬಸ್…”

ಅವರು ಕೈ ಹಿಂದಕ್ಕೆ ತೆಗೆದರು. “ಎಂಟು ಕಾಳಿಗೇ ಬಸ್, ಸಾಕು ಅಂದ್ರ ಹ್ಯಾಂಗ ಬೇಟಿ? ಅದಕ್ಕ ಹಿಂಗ ಸೊರಗೀದಿ!” ಅಂತ ಬೈದು, ಪೊಟ್ಟಣ ಕಟ್ಟಿ ಚೀಲಕ್ಕೆ ಹಾಕಿದರು.

‘ಪ್ಲಸ್’ ಅಂತ ಪ್ರಾಸ ಹೊಳೆಯಿತು. ಆದರೆ ಶೇಂಗಾ ಮೈನಸ್ ಆಗಿತ್ತು.

ಸಾಹೇಬರ ಪ್ರಶ್ನೆ

ಅಫಜಲಪುರ ತಾಲೂಕಿನಲ್ಲಿ ಇದ್ದಾಗ ಒಂದು ದಿನ ತಪಾಸಣೆಗೆ ಸಾಹೇಬರು ಬಂದರು. ನಾನು ಒಂದು ವಾರದಿಂದ ‘ಕ್ಯಾಟ್‌ಗೆ ರ‍್ಯಾಟ್, ಬುಕ್‌ಗೆ ಕುಕ್’ ಅಂತ ಉರು ಹೊಡೆಸಿ ಇಟ್ಟಿದ್ದೆ. ಸಾಹೇಬರು ಗೋಡೆಯ ಕ್ಯಾಲೆಂಡರ್ ನೋಡಿದರು. “ಮಂತ್. ತಿಂಗಳು. ಇದಕ್ಕ ರೈಮಿಂಗ್ ವರ್ಡ್ ಹೇಳ್ರಿ,” ಅಂದರು.

ಆ ಪದಕ್ಕೆ ಇಂಗ್ಲಿಷಿನಲ್ಲಿ ಸರಿಯಾದ ಪ್ರಾಸವೇ ಇಲ್ಲ. ಅದು ನನಗೆ ಗೊತ್ತು, ಸಾಹೇಬರಿಗೆ ಗೊತ್ತಿಲ್ಲ. ಹೇಳಿದರೆ ಅವರಿಗೆ ಅವಮಾನ, ಹೇಳದಿದ್ದರೆ ನನಗೆ ನೋಟೀಸು. ಸಾಹೇಬರು ಪೆನ್ನಿನ ಮುಚ್ಚಳ ತೆಗೆದರು.

ಅಷ್ಟರಲ್ಲಿ ಹಿಂದಿನಿಂದ ಒಬ್ಬ ಹುಡುಗಿ ಎದ್ದಳು. “ಹಣಮಂತ್, ಸರ್!”

“ಏ, ಅದು ಹೆಸರಾತು. ಇಂಗ್ಲಿಷ್ ಬೇಕು, ಇಂಗ್ಲಿಷ್!”

ಅವಳು ಒಂದಿಷ್ಟೂ ಅಂಜಲಿಲ್ಲ. “ಹೌದ್ರಿ ಸರ್. ಹಣಮಂತ ಇಂಗ್ಲಿಷ್ ಮೀಡಿಯಂ ಅದಾನ್ರಿ!”

ಬೀಳ್ಕೊಡುಗೆ

ಜೇವರ್ಗಿ ಸಾಲಿಯಲ್ಲಿ ನಮ್ಮ ಹೆಡ್‌ಮಾಸ್ತರರು ನಿವೃತ್ತರಾಗುವ ದಿನ. ಭಾರಿ ಶಿಸ್ತಿನ ಮನುಷ್ಯ. ಬೆಳಿಗ್ಗೆ ಗೇಟಿನ ಹತ್ತಿರ ಗಡಿಯಾರ ನೋಡುತ್ತ ನಿಂತರೆ, ವೇಳೆಗೆ ಸರಿಯಾಗಿ ಬಂದವರಿಗೂ ಬೆವರು. ಮೂರು ವರ್ಷದಲ್ಲಿ ಅವರು ನಕ್ಕಿದ್ದನ್ನು ನಾವು ಕಂಡಿರಲಿಲ್ಲ. ಆದರೆ ನನ್ನ ಅಪ್ಪ ದವಾಖಾನೆಯಲ್ಲಿದ್ದಾಗ, ಕೇಳುವ ಮೊದಲೇ ರಜೆ ಬರೆದು ಕಳಿಸಿದವರೂ ಅವರೇ. ಅದಕ್ಕೇ ಅವರ ಮೇಲೆ ನಾಲ್ಕು ಸಾಲು ಇಂಗ್ಲಿಷ್ ಪದ್ಯ ಬರೆಯುವ ಕೆಲಸ ನನಗೆ ಬಂದಾಗ ಖುಷಿಯಿಂದಲೇ ಒಪ್ಪಿದೆ.

‘ಸರ್’ಗೆ ಪ್ರಾಸ ಹುಡುಕಲು ಎರಡು ದಿನ ಹಿಡಿಯಿತು. ಮೊದಲು ಸಿಕ್ಕಿದ್ದು ‘ಫರ್’. ಫರ್ ಅಂದರೆ ತುಪ್ಪಳ, ಅವರ ಬೋಳುತಲೆ ನೆನಪಾಗಿ ಬಿಟ್ಟೆ. ಆಮೇಲೆ ‘ಪಂಚರ್’. ಕೊನೆಗೆ ‘ಪ್ಲೆಷರ್’ ಸಿಕ್ಕಿತು. “ಯು ಆರ್ ಅವರ್ ಡಿಯರ್ ಸರ್, ವರ್ಕಿಂಗ್ ವಿತ್ ಯು ವಾಸ್ ಎ ಪ್ಲೆಷರ್.” ನಿಮ್ಮ ಕೈಕೆಳಗೆ ದುಡಿದದ್ದೇ ಒಂದು ಸಂತೋಷ ಅಂತ ಅರ್ಥ.

ಓದಲು ನಿಂತವರು ಡ್ರಿಲ್ ಮಾಸ್ತರರು. ಉರ್ದು ಮನೆಮಾತು, ಶಾಯರಿಯ ಹುಚ್ಚು, ಗಂಟೆಯಂಥ ದನಿ. ಚಷ್ಮಾ ಮಾತ್ರ ಮನೆಯಲ್ಲಿ ಬಿಟ್ಟು ಬಂದಿದ್ದರು. ಎದೆ ಮೇಲೆ ಕೈ ಇಟ್ಟು, ಕಣ್ಣು ಅರ್ಧ ಮುಚ್ಚಿ ರಾಗ ಎಳೆದರು. “ಯು ಆರ್ ಅವರ್ ಡಿಯರ್ ಸರ್… ವರ್ಕಿಂಗ್ ವಿತ್ ಯು ವಾಸ್ ಎ… ಪ್ರೆಶರ್!”

ಸಿಬ್ಬಂದಿಯ ಸಾಲಿನಿಂದ ಒಬ್ಬರು, “ವಾಹ್ ವಾಹ್! ಫಿರ್ ಸೇ!” ಅಂದರು. ಡ್ರಿಲ್ ಮಾಸ್ತರರು ಹಿಗ್ಗಿ ಹೀರೇಕಾಯಿಯಾಗಿ ಮತ್ತೆ ಓದಿದರು, ಮತ್ತೂ ಓದಿದರು. ಪ್ರತಿ ಸಲ ‘ಪ್ರೆಶರ್’ ಇನ್ನಷ್ಟು ಉದ್ದವಾಯಿತು, ಚಪ್ಪಾಳೆ ಇನ್ನಷ್ಟು ಜೋರಾಯಿತು. ನಾನು ಸೆರಗಿನಲ್ಲಿ ಮುಖ ಮುಚ್ಚಿಕೊಂಡೆ. ಕಡೆಯ ದಿನ, ಅದೂ ನನ್ನ ಕೈಯಿಂದ, ಅವರ ಮನಸ್ಸು ನೋಯಿತಲ್ಲ ಅನ್ನಿಸಿತು.

ಹೆಡ್‌ಮಾಸ್ತರರು ಎದ್ದು ಮೈಕ್ ಹಿಡಿದರು. “ಮುಂಜಾನಿಂದ ಎಲ್ಲಾರೂ ನನ್ನ ದೇವರು ಮಾಡಾಕತ್ತೀರಿ. ಕೇಳಿ ಕೇಳಿ ಬ್ಯಾಸರ ಆಗಿತ್ತು. ಒಬ್ಬರರೆ ಖರೇ ಹೇಳಿದ್ರಿ, ಭಾಳ ಉಪಕಾರ!” ಅಂದವರೇ ಗಹಗಹಿಸಿ ನಕ್ಕರು. ಅವರಿಗೆ ನಗಲು ಬರುತ್ತದೆ ಅಂತ ನಮಗೆ ಗೊತ್ತಾಗಿದ್ದೇ ಅವತ್ತು. ಇಡೀ ಪೆಂಡಾಲು ಬಿದ್ದು ಬಿದ್ದು ನಕ್ಕಿತು.

ನಗದೇ ಕೂತವರು ಒಬ್ಬರೇ, ಮುಂದಿನ ಸಾಲಿನಲ್ಲಿ ಹಾರ ಶಾಲು ತೊಡೆಯ ಮೇಲೆ ಇಟ್ಟುಕೊಂಡಿದ್ದ ಅವರ ಹೆಂಡತಿ. ನಗು ಇಳಿಯುವ ತನಕ ಕಾದು, ನಮ್ಮ ಕಡೆ ತಿರುಗಿ ಹೇಳಿದರು:

“ನಿಮಗೇನ್ರಿ ಮತ್ತ, ನಗ್ತೀರಿ. ನೀವು ಇಪ್ಪತ್ತು ಮಂದಿ ಹಂಚ್ಕೊಂಡಿದ್ರಿ. ನಾಳಿಂದ ಪೂರಾ ಪ್ರೆಶರ್ ನಮ್ಮ ಮನಿಗೇ ಬರ್ತದಲ್ರಿ!”