ಮೌನ ಅವರಿಗೆ, ಸಂಭಾಷಣೆ ನನಗೆ

ಇಂಗ್ಲಿಷ್ ವಿಭಾಗದಲ್ಲಿ ಏನೂ ನಡೆಯುವುದಿಲ್ಲ ಎಂದು ಬೇರೆ ವಿಭಾಗದವರು ತಿಳಿದಿದ್ದರು. ಕೆಮಿಸ್ಟ್ರಿಯವರ ಹತ್ತಿರ ಗಾಜು ಒಡೆಯುತ್ತದೆ. ಬಾಟನಿಯವರ ಗಿಡ ಒಣಗುತ್ತದೆ. ನಮ್ಮಲ್ಲಿ ಒಡೆಯುವುದಕ್ಕೆ, ಒಣಗುವುದಕ್ಕೆ ಏನಿದೆ? ಆದರೂ ಏನಾದರೊಂದು ನಡೆಯುತ್ತಲೇ ಇತ್ತು. ನಾನು ಹುಡುಕಿಕೊಂಡು ಹೋದವನಲ್ಲ. ನನ್ನ ಕುರ್ಚಿ ಬಾಗಿಲ ಪಕ್ಕ ಇತ್ತು, ಅಷ್ಟೇ.

ನಂಜನಗೂಡಿನ ಒಂದು ಸ್ನಾತಕೋತ್ತರ ಕೇಂದ್ರದಲ್ಲಿ ಇಂಗ್ಲಿಷ್ ಮುಖ್ಯಸ್ಥನಾಗಿದ್ದೆ. ಈಗ ನಿವೃತ್ತ. ಹೇಳುತ್ತಿರುವುದು ಕೊನೇ ವರ್ಷದ ಮಾತು. ವಿಭಾಗದಲ್ಲಿ ನಾನು, ಇಬ್ಬರು ಮೇಷ್ಟ್ರು, ಟಿ. ನರಸೀಪುರದಿಂದ ಬಸ್ಸಿನಲ್ಲಿ ಬರುತ್ತಿದ್ದ ಒಬ್ಬ ಮೇಡಂ. ಮೇಡಂ ಅತಿಥಿ ಉಪನ್ಯಾಸಕಿ. ಅತಿಥಿ ಎಂದರೆ ಎಲ್ಲರಿಗಿಂತ ಹೆಚ್ಚು ಪಾಠ ಮಾಡುವವರು, ಯಾವಾಗ ಬೇಕಾದರೂ ಹೋಗಿ ಅನ್ನಿಸಿಕೊಳ್ಳುವವರು.

ಆಸಕ್ತಿ

ಒಂದು ದಿನ ಡೈರೆಕ್ಟರು ಕರೆಸಿದರು. ವೆಬ್‌ಸೈಟಿನಲ್ಲಿ ಪ್ರತಿಯೊಬ್ಬರ ಹೆಸರಿನ ಮುಂದೆ ಬೋಧನೆ ಮತ್ತು ಸಂಶೋಧನೆಯ ಆಸಕ್ತಿ ಹಾಕಬೇಕಂತೆ. ಯೂನಿವರ್ಸಿಟಿಯಿಂದ ಕಮಿಟಿ ಬರುತ್ತದಂತೆ. ನಮ್ಮ ಎಂ.ಎ. ಇಂಗ್ಲಿಷನ್ನು ಉಳಿಸಬೇಕೋ ಮುಚ್ಚಬೇಕೋ ಎಂದು ನೋಡಿ ಹೋಗುತ್ತದಂತೆ.

"ನಿಮ್ಮ ಆಸಕ್ತಿ ಏನು ಸಾರ್?"

"ಇಲ್ಲ."

"ಇಲ್ಲ ಅಂದ್ರೆ?"

"ಇಲ್ಲ ಅಂದ್ರೆ ಇಲ್ಲ."

"ಹಾಗೆ ಹಾಕೋಕಾಗುತ್ತಾ ಸಾರ್? ಮುಖ್ಯಸ್ಥರಿಗೇ ಆಸಕ್ತಿ ಇಲ್ಲ ಅಂದ್ರೆ ಕಮಿಟಿಯವರು ಬಾಗಿಲು ಹಾಕಿಸಿಬಿಡ್ತಾರೆ."

ಬಾಗಿಲು ಹಾಕಿದರೆ ನನಗೇನೂ ಇಲ್ಲ, ಪೆನ್ಷನ್ ಬರುತ್ತದೆ. ಮೇಷ್ಟ್ರಿಬ್ಬರನ್ನೂ ಮೈಸೂರಿಗೆ ಹಾಕುತ್ತಾರೆ, ಅವರು ಸಂತೋಷವಾಗಿ ಹೋಗುತ್ತಾರೆ. ಕೆಲಸ ಹೋಗುವುದು ಮೇಡಂ ಒಬ್ಬರದ್ದು. ಅವರು ಸ್ಟಾಫ್ ರೂಮಿನಲ್ಲಿ ನನ್ನ ಎದುರು ಬಂದು ನಿಂತರು.

"ಸಾರ್, ಏನಾದ್ರೂ ಒಂದು ಆಸಕ್ತಿ ಇಟ್ಕೊಳ್ಳಿ ಸಾರ್. ನನಗೋಸ್ಕರ."

ಆಗಲಿ ಅಂದೆ. ಅಷ್ಟು ಹೊತ್ತಿಗೆ ಒಳ್ಳೊಳ್ಳೆಯವೆಲ್ಲ ಹಂಚಿಹೋಗಿದ್ದವು. ಒಬ್ಬ ಮೇಷ್ಟ್ರು ಇಂಗ್ಲಿಷ್ ಕಾವ್ಯದಲ್ಲಿ ನದಿ. ಇನ್ನೊಬ್ಬರು ಆಧುನಿಕ ನಾಟಕದಲ್ಲಿ ಮೌನ. ಮೇಡಂ ಇಂಗ್ಲಿಷ್ ಕಾದಂಬರಿಗಳಲ್ಲಿ ಅಡುಗೆಮನೆ. ಅದರ ಮೇಲೆ ಪಿಎಚ್.ಡಿ. ಕೂಡ ಮಾಡುತ್ತಿದ್ದರು. ನಾಲ್ವರಲ್ಲಿ ನಿಜವಾಗಿ ಸಂಶೋಧನೆ ಮಾಡುತ್ತಿದ್ದವರು ಅವರೊಬ್ಬರೇ.

"ನನಗೆ ಮೌನ ಕೊಡಿ" ಅಂದೆ.

"ಅದು ನಂದು ಸಾರ್" ಅಂದರು ಮೌನದ ಮೇಷ್ಟ್ರು. ಅದು ಯಾವಾಗಿನಿಂದ ಅವರದ್ದು, ಯಾಕೆ ಬೇರೆಯವರಿಗೆ ಕೊಡಲಾಗುವುದಿಲ್ಲ, ಮೌನದಲ್ಲಿ ಎಷ್ಟು ವಿಧ ಎಂದು ಊಟದ ಬೆಲ್ ಹೊಡೆಯುವ ತನಕ ಹೇಳಿದರು.

ಕೊನೆಗೆ ಡೈರೆಕ್ಟರೇ ಕಂಪ್ಯೂಟರಿನವನಿಗೆ ಹೇಳಿ ಏನೋ ಒಂದು ಹಾಕಿಸಿದರು. ಸಂಜೆ ನನ್ನ ಹೆಂಡತಿ ಮೊಬೈಲಿನಲ್ಲಿ ತೆಗೆದು ಓದಿದಳು. ನನ್ನ ಹೆಸರು, ನನ್ನ ಫೋಟೋ, ಅದರ ಕೆಳಗೆ "ಸಂಶೋಧನೆಯ ಆಸಕ್ತಿ: ಸಂಭಾಷಣೆ".

ಅವಳು ಕನ್ನಡಕ ಒರೆಸಿಕೊಂಡು ಇನ್ನೊಂದು ಸಲ ನೋಡಿದಳು.

"ಇದೇ ಹೆಸರಿನವರು ನಿಮ್ಮಲ್ಲಿ ಇನ್ನೊಬ್ಬರು ಇದ್ದಾರಾ?"

ಇಂಗ್ಲೆಂಡಿನ ಹೊಳೆ

ಆಸಕ್ತಿ ಹೇಳಿದರೆ ಸಾಲದು, ಪಾಠದಲ್ಲೂ ಕಾಣಿಸಬೇಕು, ಫೋಟೋ ಬೇಕು ಅಂದರು ಡೈರೆಕ್ಟರು. ಹಾಗಾಗಿ ನದಿ ಮೇಷ್ಟ್ರ ಪಾಠ ಟಿ. ನರಸೀಪುರದಲ್ಲಿ, ಕಪಿಲೆ ಕಾವೇರಿ ಸೇರುವ ಕಡೆ ಎಂದು ಗೊತ್ತಾಯಿತು.

ನದಿ ಮೇಷ್ಟ್ರ ಮನೆ ನಂಜನಗೂಡಿನಲ್ಲಿ ಹೊಳೆಯ ಹತ್ತಿರವೇ ಇತ್ತು. ಹಬ್ಬದ ದಿನವೂ ಅವರು ಸ್ನಾನಕ್ಕೆ ಮೆಟ್ಟಿಲು ಇಳಿದವರಲ್ಲ. ಮನೆಯಲ್ಲೇ ತಂಬಿಗೆ ನೀರು ತಲೆಗೆ ಪ್ರೋಕ್ಷಿಸಿಕೊಂಡು ಮುಗಿಸುತ್ತಿದ್ದರು. ಇದು ನಮಗೆ ಯಾರಿಗೂ ಗೊತ್ತಿರಲಿಲ್ಲ.

ದಡದಲ್ಲಿ ನಿಂತು ಬಹಳ ಚೆನ್ನಾಗಿ ಪಾಠ ಮಾಡಿದರು. ನದಿ ಎಂದರೆ ತಾಯಿ, ಕಾಲ, ಮನಸ್ಸು. ಒಬ್ಬ ಹುಡುಗಿ ಕಣ್ಣೊರೆಸಿಕೊಂಡಳು. ಆಮೇಲೆ ಫೋಟೋಕ್ಕೆ ಎಲ್ಲರೂ ಹರಿಗೋಲು ಹತ್ತಬೇಕು ಎಂದಾಯಿತು. ಹುಡುಗರು ಹತ್ತಿದರು. ಮೇಷ್ಟ್ರು ಒಂದು ಕಾಲು ಇಟ್ಟರು. ಹರಿಗೋಲು ತನ್ನ ಪಾಡಿಗೆ ತಾನು ಅರ್ಧ ಸುತ್ತು ತಿರುಗಿತು. ಮೇಷ್ಟ್ರು ಹರಿಗೋಲಿನವನ ಕತ್ತು ತಬ್ಬಿಕೊಂಡು, ತಾಯಿಯನ್ನೂ ಕಾಲವನ್ನೂ ಬಿಟ್ಟು, "ಅಯ್ಯಯ್ಯೋ ಇಳಿಸು, ಇಳಿಸು" ಅಂದರು.

ಅವನು ಅವರನ್ನು ಮಗುವಿನಂತೆ ಎತ್ತಿ ದಡದಲ್ಲಿಟ್ಟ.

"ಏನ್ ಸಾ, ಒಳೆ ಪಾಟ ಮಾಡೋರು ಒಳೆ ಕಂಡ್ರೆ ಇಂಗ್ ಎದ್ರುದ್ರೆ ಎಂಗೆ?"

ಮೇಷ್ಟ್ರು ಪ್ಯಾಂಟು ಕೊಡವಿಕೊಂಡರು.

"ನಾನು ಓದಿರೋದು ಇಂಗ್ಲೆಂಡಿನ ಹೊಳೆ ಕಣಪ್ಪ. ಅಲ್ಲಿ ಕವಿಗಳು ದಡದಲ್ಲೇ ಕೂತಿರ್ತಾರೆ. ಯಾರೂ ಬಂದು ಹತ್ತಿ ಅನ್ನಲ್ಲ."

ಮಾವನ ಹೆಸರು

ಅಲ್ಲಿಂದ ಮೇಡಂ ಮನೆಗೆ ಕಾಫಿಗೆ ಹೋದೆವು. ಅವರ ಅತ್ತೆ ಉಪ್ಪಿಟ್ಟು ಕೊಟ್ಟರು. ಮಾವ ಮೂಲೆಯ ಕುರ್ಚಿಯಲ್ಲಿ ಪೇಪರ್ ಓದುತ್ತಿದ್ದರು. ಅತ್ತೆ ನನ್ನ ಎದುರು ಕೂತರು.

"ನೀವೇ ಏಳಿ ಸಾ. ಇವ್ಳು ಅಡ್ಗೆಮನೆ ಮ್ಯಾಲೆ ಬರೀತಾವ್ಳಂತೆ. ಯಾವ ಅಡ್ಗೆಮನೆ ಅಂದ್ರೆ ಇಂಗ್ಲೆಂಡಿಂದಂತೆ. ನಮ್ಮನೇದು ಇಲ್ಲೇ ಅದಲ್ಲ, ಬಂದು ನೋಡ್ಬಾರ್ದಾ?"

"ಬೆಳಿಗ್ಗೆ ಚಪಾತಿ ಯಾರು ಮಾಡಿದ್ದು ಅತ್ತೆ?"

"ನೀನೇ ಕಣವ್ವ. ಪುಸ್ತಕ ನೋಡ್ಕಂಡು ಮಾಡ್ದೆ. ಒಂದೊಂದು ಪುಟಕ್ಕೂ ಒಂದೊಂದು ಸೀದೋಯ್ತು."

ಮೇಡಂ ನಕ್ಕರು. ಅತ್ತೆಯೂ ನಕ್ಕರು. ಆಮೇಲೆ ಅತ್ತೆ ದನಿ ತಗ್ಗಿಸಿ, "ಇವ್ಳ ಕೆಲ್ಸ ಉಳೀತದಾ ಸಾ?" ಅಂದರು.

"ನೋಡೋಣ" ಅಂದೆ.

"ಅಲ್ಲಾ, ಅಷ್ಟ್ ವರ್ಸದಿಂದ ಬರೀತಾವ್ಳಲ್ಲ, ಅದ್ರಾಗೆ ಏನದೆ ಅಂತ?"

ಮೇಡಂ ಹೇಳಿದರು. "ಆ ಕಾದಂಬರಿಗಳಲ್ಲಿ ಊಟದ ವರ್ಣನೆ ಪುಟಗಟ್ಟಲೆ ಇರುತ್ತೆ ಅತ್ತೆ. ಯಾರು ಏನು ತಿಂದ್ರು, ಯಾರ ಪಕ್ಕ ಕೂತು ತಿಂದ್ರು, ಎಲ್ಲ ಇರುತ್ತೆ. ಮಾಡಿದವಳು ಉಂಡಳಾ ಅಂತ ಮಾತ್ರ ಒಂದು ಸಾಲೂ ಇರಲ್ಲ. ನಾನು ಅವಳನ್ನ ಹುಡುಕ್ತಾ ಇದ್ದೀನಿ."

ಅತ್ತೆ ಮೂಲೆಯ ಕುರ್ಚಿಯ ಕಡೆ ನೋಡಿದರು. ಅಲ್ಲಿ ಪೇಪರು ಮೆಲ್ಲಗೆ ಮೇಲೆ ಹೋಗಿ ಮುಖ ಮುಚ್ಚಿತು.

"ಬರಿ ಮಗ. ಯಾರ್ ಬ್ಯಾಡ ಅಂದ್ರೂ ಬುಡ್ಬೇಡ. ನಿಮ್ಮಾವನ್ ಎಸ್ರೂ ಆಕು."

ಬೀಗ

ಮೌನದ ಮೇಷ್ಟ್ರ ಪಾಠ ಗೇಟಿನವರೆಗೆ ಕೇಳಿಸುತ್ತಿತ್ತು. ಪಕ್ಕದ ಕೋಣೆಯ ಎಕನಾಮಿಕ್ಸ್ ಹುಡುಗರು ಪರೀಕ್ಷೆಯಲ್ಲಿ ತಮ್ಮ ಉತ್ತರಗಳ ನಡುವೆ ನಾಟಕದ ಮಾತು ಬರೆದದ್ದೂ ಉಂಟು.

ಕಮಿಟಿ ಬರುವ ಮುಂಚೆ ಅವರಿಗೂ ಪಾಠದಲ್ಲಿ ಆಸಕ್ತಿ ಕಾಣಿಸಬೇಕು ಅನ್ನಿಸಿತು. ನಾಟಕದ ಒಂದು ದೃಶ್ಯದಲ್ಲಿ ಪಾತ್ರಗಳು ಮಾತಿಲ್ಲದೆ ಕೂತಿರುತ್ತವೆ. ಅದನ್ನು ಕ್ಲಾಸಿನಲ್ಲಿ ಮಾಡಿ ತೋರಿಸೋಣ, ಯಾರೂ ಉಸಿರು ಬಿಡಬಾರದು, ನಾನೂ ಬಿಡುವುದಿಲ್ಲ ಅಂದರು. ಹುಡುಗರಿಗೆ ಆಶ್ಚರ್ಯವಾಗಿರಬೇಕು. ಆಶ್ಚರ್ಯದಲ್ಲೇ ಸುಮ್ಮನಾದರು.

ಆ ಹೊತ್ತಿಗೆ ಸರಿಯಾಗಿ ನಮ್ಮ ಅಟೆಂಡರು ಕಾರಿಡಾರಿನಲ್ಲಿ ಬಂದ. ಕೋಣೆಯಿಂದ ಸದ್ದಿಲ್ಲ. ಬಾಗಿಲು ಎಳೆದು ಬೀಗ ಹಾಕಿಕೊಂಡು ಟೀ ಕುಡಿಯಲು ಹೋದ.

ಒಳಗಿದ್ದವರು ಇದೂ ನಾಟಕದ ಭಾಗ ಎಂದು ಕೂತೇ ಇದ್ದರು. ಬಹಳ ಹೊತ್ತಾದ ಮೇಲೆ ನನ್ನ ಫೋನು ಹೊಡೆಯಿತು.

"ಸಾರ್, ಯಾರೋ ಬೀಗ ಹಾಕ್ಬಿಟ್ಟಿದ್ದಾರೆ ಸಾರ್."

"ಹೂಂ" ಅಂದು ಬೀಗದ ಕೈ ಸಮೇತ ಅಟೆಂಡರನ್ನು ಕಳಿಸಿದೆ. ಹಿಂದೆಯೇ ಹೋದೆ. ಬಾಗಿಲು ತೆರೆದದ್ದೇ ಮೇಷ್ಟ್ರು ಅವನನ್ನು ಹಿಡಿದುಕೊಂಡರು. ಮೌನ ಎಂದರೆ ಖಾಲಿ ಅಲ್ಲ, ಮೌನ ಎಂದರೆ ಗೈರುಹಾಜರಿ ಅಲ್ಲ, ಮೌನಕ್ಕೆ ಕಿವಿ ಕೊಡಬೇಕು ಎಂದು ಶುರುಮಾಡಿದರು. ಪೀರಿಯಡ್ ಮುಗಿಯಿತು. ಹುಡುಗರು ಒಬ್ಬೊಬ್ಬರೇ ಜಾರಿಕೊಂಡರು. ಅಟೆಂಡರು ಬೀಗ ಹಿಡಿದುಕೊಂಡು ಕೇಳಿದ. ಕೊನೆಗೆ ಅವರು ಉಸಿರು ತೆಗೆದುಕೊಳ್ಳುವ ಸಂದಿಯಲ್ಲಿ ಅಂದ.

"ಈ ಪಾಟಿ ಮಾತಾಡೋರು, ಆಗ್ಲೇ ಒಂದ್ಸಲ ಕೆಮ್ಮಬಾರ್ದಾಗಿತ್ತಾ ಸಾ?"

ಸಾಕು

ನಂಜನಗೂಡಿಗೆ ಯಾವ ಕಮಿಟಿ ಬಂದರೂ ಕ್ರಮ ಒಂದೇ. ಮೊದಲು ದೇವರ ದರ್ಶನ. ಆಮೇಲೆ ಊಟ. ಮಿಕ್ಕ ಹೊತ್ತಿನಲ್ಲಿ ತಪಾಸಣೆ. ಇದು ಗೊತ್ತಿದ್ದೂ ಡೈರೆಕ್ಟರು ಬೆಳಗಿನಿಂದ ಎಲ್ಲರನ್ನೂ ಕೋಟು ಹಾಕಿಸಿ ಕೂರಿಸಿದ್ದರು.

ಕಮಿಟಿಯವರು ಹಣೆಯಲ್ಲಿ ವಿಭೂತಿ, ಕೈಯಲ್ಲಿ ಪ್ರಸಾದ ಹಿಡಿದು ಬಂದಾಗ ಮಧ್ಯಾಹ್ನವಾಗಿತ್ತು. ಎಲೆ ಹಾಕಿಸಿದೆವು. ಬದನೆಕಾಯಿ ಎಣ್ಣೆಗಾಯಿಯನ್ನು ಅಧ್ಯಕ್ಷರು ಎರಡನೇ ಸಲ ಹಾಕಿಸಿಕೊಂಡರು. ರಸಬಾಳೆ ತಿಂದು ಕೈ ತೊಳೆದು, "ಮೈಸೂರಲ್ಲಿ ಇನ್ನೊಂದು ಮೀಟಿಂಗಿದೆ. ಬೇಗ ಬೇಗ ಹೇಳಿಬಿಡಿ" ಅಂದರು.

ನದಿ ಮೇಷ್ಟ್ರು ಹರಿಗೋಲಿನ ಫೋಟೋ ತೋರಿಸಿದರು. "ಇದರಲ್ಲಿ ನೀವೆಲ್ಲಿ?" ಅಂದರು ಅಧ್ಯಕ್ಷರು. "ಫೋಟೋ ತೆಗೆದದ್ದು ನಾನೇ ಸಾರ್" ಅಂದು ಕೂತರು.

ಮೌನದ ಮೇಷ್ಟ್ರು ಎದ್ದರು.

"ಮೌನದ ಬಗ್ಗೆ ನಾನು ಹೆಚ್ಚೇನೂ ಹೇಳುವುದಿಲ್ಲ" ಎಂದು ಶುರುಮಾಡಿದರು.

ಹೇಳಿದರು. ಅಧ್ಯಕ್ಷರು ವಾಚು ನೋಡಿದರು. ಒಬ್ಬ ಸದಸ್ಯರ ತಲೆ ಎಣ್ಣೆಗಾಯಿಯ ಭಾರಕ್ಕೆ ಎದೆಯ ಮೇಲೆ ಇಳಿಯಿತು. ಡ್ರೈವರು ಬಂದು ಬಾಗಿಲಲ್ಲಿ ನಿಂತ. ಡೈರೆಕ್ಟರು ಕೆಮ್ಮಿದರು. ಮೇಷ್ಟ್ರು ಅವರಿಗೆ ನೀರು ಕೊಡಿಸಿ ಮುಂದುವರಿಸಿದರು. ಗೋಡೆಯ ಪಕ್ಕ ಮೇಡಂ ಕಾಗದ ಹಿಡಿದು ನಿಂತಿದ್ದರು. ತೋರಿಸುವಂಥದ್ದು ವಿಭಾಗದಲ್ಲಿ ಅದೊಂದೇ ಇತ್ತು. ಅದಕ್ಕೆ ಹೊತ್ತೇ ಉಳಿಯುವಂತಿರಲಿಲ್ಲ. ಅವರು ನನ್ನ ಕಡೆ ನೋಡಿದರು. ಅವರ ಅತ್ತೆಗೆ ನೋಡೋಣ ಅಂದಿದ್ದೆ.

ಎದ್ದೆ.

"ಸಾಕು. ಕೂತ್ಕೊಳ್ಳಿ."

ಮೇಷ್ಟ್ರು ಅರ್ಧ ವಾಕ್ಯದಲ್ಲಿ ಕೂತರು. ಮಲಗಿದ್ದ ಸದಸ್ಯರು ಎದ್ದರು. ಡ್ರೈವರು ಕೂಡ ನೆಲದ ಮೇಲೆ ಕೂತ.

ಮೇಡಂ ಮುಂದೆ ಬಂದರು. ಕಾಗದ ಮೇಜಿನ ಮೇಲಿಟ್ಟರು.

"ಈಗ ತಾನೇ ನೀವೆಲ್ಲ ಊಟ ಮಾಡಿದ್ರಿ ಸಾರ್. ಮಾಡಿ ಬಡಿಸಿದ ಹೆಂಗಸರು ಊಟ ಮಾಡಿದ್ರಾ?"

ಕಮಿಟಿಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಗೊತ್ತಿಲ್ಲ ಅಲ್ವಾ ಸಾರ್? ಕಾದಂಬರಿ ಬರೆದವರಿಗೂ ಗೊತ್ತಿರಲಿಲ್ಲ. ನನ್ನ ಸಂಶೋಧನೆ ಅದೇ."

ಯಾರೂ ಉಸಿರೆತ್ತಲಿಲ್ಲ. ಡೈರೆಕ್ಟರು ಮೆಲ್ಲಗೆ ಎದ್ದು ಅಡುಗೆಮನೆ ಕಡೆ ಓಡಿದರು. ಪಕ್ಕದಲ್ಲಿದ್ದ ಮೌನದ ಮೇಷ್ಟ್ರು ನನ್ನ ಕಿವಿಗೆ ಬಗ್ಗಿದರು.

"ನೋಡಿದ್ರಾ ಸಾರ್? ಈಗ ಇಲ್ಲಿ ಆಗ್ತಿರೋದು ನನ್ನ ಸಬ್ಜೆಕ್ಟು."

ಅದಲುಬದಲು

ಮೇಡಂ ಮಾತು ಮುಗಿಸುವ ಹೊತ್ತಿಗೆ ಅಧ್ಯಕ್ಷರು ಮೈಸೂರಿನ ಮೀಟಿಂಗಿಗೆ ಬರುವುದಿಲ್ಲ ಎಂದು ಫೋನು ಮಾಡಿಸಿದ್ದರು. ಪ್ರಶ್ನೆ ಕೇಳಿದರು, ಉತ್ತರ ಬರೆದುಕೊಂಡರು. ಹೊರಡುವ ಮುಂಚೆ ನನ್ನ ಕಡೆ ತಿರುಗಿದರು.

"ನಿಮ್ಮದು ಸಂಭಾಷಣೆ ಅಂತಿದೆ. ನೀವೇನೂ ಹೇಳಲೇ ಇಲ್ಲ."

"ಹೇಳಿದೆನಲ್ಲ" ಅಂದೆ.

ಎಂ.ಎ. ಉಳಿಯಿತು. ಮೇಡಂ ಕೆಲಸವೂ ಉಳಿಯಿತು. ಈಗಲೂ ಅದೇ ಬಸ್ಸಿನಲ್ಲಿ ಬರುತ್ತಾರೆ, ಹೆಸರಿನ ಹಿಂದೆ ಡಾಕ್ಟರ್ ಸೇರಿದೆ. ಕಮಿಟಿಯವರು ಇಡೀ ವಿಭಾಗದಲ್ಲಿ ಒಂದೇ ಒಂದು ತಪ್ಪು ಕಂಡುಹಿಡಿದಿದ್ದರು. ವೆಬ್‌ಸೈಟಿನಲ್ಲಿ ಇಬ್ಬರು ಅಧ್ಯಾಪಕರ ಆಸಕ್ತಿಗಳು ಅದಲುಬದಲಾಗಿವೆ, ಮೌನ ಇರಬೇಕಾದ ಕಡೆ ಸಂಭಾಷಣೆ ಬಿದ್ದಿದೆ, ಕೂಡಲೇ ಸರಿಪಡಿಸಿ. ಡೈರೆಕ್ಟರು ಸರಿಪಡಿಸಿದರು.

ಭಾನುವಾರ ಬೆಳಿಗ್ಗೆ ಮೌನದ ಮೇಷ್ಟ್ರು ಮನೆಗೆ ಬಂದರು. ಇದು ಅನ್ಯಾಯ ಸಾರ್ ಅಂದರು. ಕೂತರು. ಮೌನಕ್ಕಾಗಿ ತಾವು ಕಳೆದುಕೊಂಡದ್ದೇನು, ತಮ್ಮ ಮನೆಯವರು ಸಹಿಸಿಕೊಂಡದ್ದೇನು, ಎಲ್ಲ ಹೇಳಿದರು. ನನ್ನ ಹೆಂಡತಿ ಕಾಫಿ ಕೊಟ್ಟಳು. ಆಮೇಲೆ ತಿಂಡಿ ಕೊಟ್ಟಳು. ಆಮೇಲೆ ಊಟಕ್ಕೇ ಏಳಿ ಅಂದಳು. ಊಟದಲ್ಲೂ ಹೇಳಿದರು. ಬಿಸಿಲು ಇಳಿದ ಮೇಲೆ ಚಪ್ಪಲಿ ಮೆಟ್ಟಿಕೊಂಡು ನನ್ನ ಕೈ ಹಿಡಿದರು. ಮುಖ ಹಗುರವಾಗಿತ್ತು.

"ಮನಸ್ಸು ನಿರಾಳವಾಯ್ತು ಸಾರ್. ನಿಮ್ಮ ಹತ್ರ ಇಷ್ಟು ಒಳ್ಳೇ ಸಂಭಾಷಣೆ ಯಾವತ್ತೂ ಆಗಿರಲಿಲ್ಲ."

ಬೆಳಿಗ್ಗೆ ಬಾಗಿಲು ತೆಗೆದಾಗ ನಾನು "ಬನ್ನಿ" ಅಂದಿದ್ದೆ. ಅಷ್ಟೇ.