ಗುಲಾಬಿ ಚೀಟಿ ಮತ್ತು ಹೆಣ್ಣು ನೋಡಲು ಬಂದವರು

ಬದನೆಕಾಯಿ ಹೊರಗೆ ಮಿಂಚಿದಷ್ಟೂ ಒಳಗೆ ಹುಳ ಇರುತ್ತದೆ ಎಂದು ನಂಬಿ ಬದುಕಿದವಳು ನಾನು. ಎಣ್ಣೆಗಾಯಿ ಮಾಡುವಾಗ ಒಂದೊಂದನ್ನೂ ಸೀಳಿ ಬೆಳಕಿಗೆ ಹಿಡಿದು ನೋಡುತ್ತೇನೆ. ಮನುಷ್ಯರನ್ನು ಹಾಗೆ ಸೀಳಿ ನೋಡಲು ಬರುವುದಿಲ್ಲವಲ್ಲ, ಅದಕ್ಕೇ ಸಂಶಯಪಡುತ್ತೇನೆ. ನಾನು ಕಲಿತದ್ದು ಮೂರನೇ ಇಯತ್ತೆ. ಆದರೆ ಸಂಶಯಕ್ಕೆ ಸಾಲಿ ಬೇಕಿಲ್ಲ. ಈಗ ಖುಷಿ ಹೊಟ್ಟೆಯಲ್ಲಿ ನಿಲ್ಲದೆ ಬರೆಯಲು ಕುಳಿತಿದ್ದೇನೆ. ಕಾರಣ ನನ್ನ ಮೊಮ್ಮಗಳು ಸುಜಾತಾ. ಅವಳು ಒಣದ್ರಾಕ್ಷಿ ಕಾರ್ಖಾನೆಯ ಆಫೀಸಿನಲ್ಲಿ ನೌಕರಿಯಲ್ಲಿದ್ದಾಳೆ. ಅವಳನ್ನು ಹೊಗಳಲು ಶುರು ಮಾಡಿದರೆ ನನಗೆ ನಿಲ್ಲಿಸಲು ಬರುವುದಿಲ್ಲ. ಆದ್ದರಿಂದ ಮೊದಲು ನನ್ನ ಮರ್ಯಾದೆ ಹೋದದ್ದನ್ನು ಹೇಳಿ ಮುಗಿಸುತ್ತೇನೆ.

ಕಾಗವಾಡದ ಬಸ್ ನಿಲ್ದಾಣದ ಎದುರಿಗೆ ನನ್ನದೊಂದು ಸಣ್ಣ ಖಾನಾವಳಿ. ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಅಷ್ಟೇ. ಈ ಮಳೆಗಾಲ ಕೃಷ್ಣೆ ಉಕ್ಕಿ ಕುಡಚಿ ಕಡೆಯ ಸೇತುವೆ ಮುಳುಗಿತು. ನೀರು ಇಳಿದರೂ ದುರಸ್ತಿ ಮುಗಿಯಲಿಲ್ಲ, ಆ ಕಡೆಯ ಬಸ್ಸುಗಳು ಬರಲಿಲ್ಲ. ಬಸ್ಸೇ ಇಲ್ಲದ ನಿಲ್ದಾಣದಲ್ಲಿ ಊಟ ಮಾಡುವವರು ಯಾರು? ರೊಟ್ಟಿ ಹಂಚಿನ ಮುಂದೆ ನಾನು, ನನ್ನ ಮುಂದೆ ಒಂದು ನಾಯಿ. ಆ ನಾಯಿಯೂ ನಾಲ್ಕು ದಿನ ನೋಡಿ ಬೇರೆ ಓಣಿ ಹಿಡಿಯಿತು. ಮಗ ದಿನಾ ಒಂದೇ ಮಾತು: "ಸಾಕ ಮಾಡವಾ. ದೀಪಾವಳಿಗೆ ಬಾಗಲಾ ಹಾಕಿಬಿಡೂಣು." ಅವನಿಗೇನು ಗೊತ್ತು? ಆ ಹಂಚಿನ ಮುಂದೆ ಕುಳಿತಾಗ ನಾನು ಊರಿಗೆಲ್ಲ ಆಯಿ, ಉಣಿಸುವ ಅಜ್ಜಿ. ಹಂಚು ಇಳಿಸಿದರೆ ಮೂಲೆಯಲ್ಲಿ ಕುಳಿತು ಅಕ್ಕಿಯಲ್ಲಿ ಹರಳು ಆರಿಸುವ ಮುದುಕಿ.

ಹೀಗಿರುವಾಗ ಒಂದು ಸೋಮವಾರ ಮಧ್ಯಾಹ್ನ ಇಸ್ತ್ರಿ ಅಂಗಿಯ ಆರು ಜನ ಬಂದು ಕುಳಿತರು. ಬಸ್ಸು ಎಷ್ಟಕ್ಕೆ ಎಂದು ಕೇಳಲಿಲ್ಲ, ಅವಸರ ಮಾಡಲಿಲ್ಲ, ಉಂಡು ಹೊಗಳಿದರು. ಹೊಗಳಿಕೆ ಕೇಳಿದೊಡನೆ ನನ್ನ ಕಿವಿ ನೆಟ್ಟಗಾದವು. ಎಲೆಕ್ಷನ್ ಹತ್ತಿರ ಇಲ್ಲ; ರಸ್ತೆ ಅಗಲ ಮಾಡಲು ಅಳೆಯುವವರಾದರೆ ಕೈಯಲ್ಲಿ ಟೇಪು ಇರಬೇಕಿತ್ತು. ಅಷ್ಟರಲ್ಲಿ ಅವರಲ್ಲಿ ಹಿರಿಯ ಕೇಳಿದ: "ಆಯಿ, ಸುಜಾತಾ ನಿಮ್ಮ ಮೊಮ್ಮಗಳ ಏನ್ರಿ? ಭಾಳ ಶಾಣ್ಯಾ ಹುಡಿಗಿ ಐತ್ರಿ."

ಸಿಕ್ಕಿಬಿದ್ದರು! ನಮ್ಮ ಕಡೆ ಹೆಣ್ಣು ನೋಡುವವರು ಮೊದಲ ಸಲ ನೇರವಾಗಿ ಬರುವುದಿಲ್ಲ. ಏನಾದರೂ ನೆವ ತೆಗೆದು ಬಂದು ಮನೆತನ ನೋಡಿ ಹೋಗುತ್ತಾರೆ. ನನ್ನ ಮಾವನವರು ಕುರಿ ಕೊಳ್ಳುವ ನೆವದಲ್ಲಿ ನಮ್ಮ ಹಟ್ಟಿಗೆ ಬಂದು, ಕುರಿಯ ಹಲ್ಲು ಎಣಿಸುತ್ತ ನನ್ನ ನಡಿಗೆ ನೋಡಿದ್ದರಂತೆ. ಕುರಿ ಒಪ್ಪಿಗೆಯಾಗಲಿಲ್ಲ, ನಾನಾದೆ.

ಸರಿ, ಒಳಗೆ ಹೋಗಿ ಹಬ್ಬಕ್ಕೆಂದು ಮಾಡಿಟ್ಟ ಶೇಂಗಾ ಹೋಳಿಗೆ ತಂದು, ಮೇಲೆ ತುಪ್ಪ ಸುರಿದೆ. ಏಳುವಾಗ ಆರು ಜನರೂ ಒಂದೊಂದು ಗುಲಾಬಿ ಚೀಟಿ ಮುಂದೆ ಹಿಡಿದರು. ಚಸಮಾ ಇಲ್ಲದೆ ನನಗೆ ಕಂಡದ್ದು ಬರೀ ಗುಲಾಬಿ ಬಣ್ಣ. ಅಯ್ಯಯ್ಯೋ, ಜಾತಕ! ಅದೂ ಆರು! ಇಷ್ಟು ಬೇಗ ಕೈಚಾಚಿದರೆ ಹೆಣ್ಣಿನ ಕಡೆಯವರು ಹಗುರಾಗುವುದಿಲ್ಲವೇ?

"ಈಗ ಬ್ಯಾಡ್ರಿ. ಇದನ್ನೆಲ್ಲಾ ಗಂಡಸರ ಕೈಯಾಗ ಕೊಡ್ರಿ."

"ಹಂಗಾದ್ರ ರೊಕ್ಕನs ತಗೋರಿ ಆಯಿ."

"ಛೀ, ಛೀ! ನಾಳೆ ಒಂದs ಮನಿಯವರ ಆಗೋರು, ರೊಕ್ಕಾ ತಗೋತಾರೇನ್ರಿ?"

ಹಿರಿಯನಿಗೆ ನೀರು ನೆತ್ತಿಗೇರಿತು. ಮರುದಿನ ಹತ್ತು ಜನ ಬಂದರು, ಅದರ ಮರುದಿನ ಹದಿನೈದು. ಗಂಡಿನ ಕಡೆ ದೊಡ್ಡ ಬಳಗ ಎಂದುಕೊಂಡೆ. ಯಾರ ಚೀಟಿಯನ್ನೂ ರೊಕ್ಕವನ್ನೂ ನಾನು ಮುಟ್ಟಲಿಲ್ಲ. ಶನಿವಾರಕ್ಕೆ ಜೋಳದ ಹಿಟ್ಟಿನ ಡಬ್ಬಿಯ ತಳ ಕಂಡಿತು.

ಅಂದು ಸಂಜೆ ಸುಜಾತಾ ಸೊಂಟದ ಮೇಲೆ ಕೈಯಿಟ್ಟು ಬಾಗಿಲಲ್ಲಿ ನಿಂತಳು. "ಆಯಿ, ನಿನಗೇನ ಹುಚ್ಚ ಹಿಡದೈತೇನ? ಅವ್ರು ನಮ್ಮ ಕಾರ್ಖಾನಿ ಮಂದಿ! ಬಸ್ ಇಲ್ಲದ ಊರಾಗಿನ ಅಂಗಡಿ ಸಾಯಾಕತ್ತಾವು ಅಂತ ಮಾಲಕರು ಎಲ್ಲಾರಿಗೂ ಊಟದ ಚೀಟಿ ಕೊಟ್ಟಾರ, ಊಟಕ್ಕ ಅರ್ಧಾ ತಾಸ ಹೆಚ್ಚಿಗಿ ಬಿಟ್ಟಾರ. ಮಂದಿ ಊರಾಗ ಉಣಬೇಕು, ಅಂಗಡಿಯವರು ಆ ಚೀಟಿ ನಮ್ಮ ಆಫೀಸಿಗೆ ತಂದಕೊಟ್ಟ ರೊಕ್ಕಾ ತಗೋಬೇಕು. ಅಂಗಡಿ ಉಳಸಾಕ ಬಂದವರಿಗೆ ಹೋಳಿಗಿ ಉಣಿಸಿ ನೀನs ಅಂಗಡಿ ಮುಳಗಸಾಕತ್ತಿ!"

"ಇದರಾಗ ಮಾಲಕಗ ಏನ ಸಿಗತೈತಿ?"

"ಏನೂ ಇಲ್ಲ."

"ಹಂಗಾರ ಏನೋ ಐತಿ."

"ಐತಿ," ಎಂದು ನಕ್ಕಳು. "ಅವರಿಗೆ ಈ ವಿಚಾರ ಹೇಳಿದಾಕಿ ನಾನs."

ಎದೆ ಉಬ್ಬಿತೆಂದರೆ ಕುಪ್ಪಸದ ಗುಂಡಿ ಹಾರಬೇಕು! ನನ್ನ ಕೂಸು, ಮಾಲಕರ ಎದುರು ನಿಂತು ಊರಿನ ಹೊಟ್ಟೆಯ ಮಾತು ಆಡಿದ್ದಾಳೆ! ಓಣಿಗೆಲ್ಲ ಹೇಳಿದೆ. ವಾಪಸು ಬಂದಿದ್ದ ನಾಯಿಗೂ ಹೇಳಿದೆ. ಸೋಮವಾರದಿಂದ ಚಸಮಾ ಹಾಕಿಕೊಂಡು ಚೀಟಿ ತೆಗೆದುಕೊಂಡೆ. ತಿಂಗಳು ತುಂಬುವುದರೊಳಗೆ ಹಿಟ್ಟಿನ ಡಬ್ಬಿ ಎರಡು ಸಲ ತುಂಬಿತು. ಬಾಗಿಲು ಹಾಕುವ ಮಾತಾಡುತ್ತಿದ್ದ ಮಗ ಈಗ ಉಣ್ಣುವವರು ಕೂರಲು ಇನ್ನೊಂದು ಬಾಕು, ಬೆಂಚು, ಮಾಡಿಸೋಣ ಎನ್ನುತ್ತಾನೆ.

ಆದರೆ ಶಾಣ್ಯಾ ಮೊಮ್ಮಗಳಿದ್ದರೆ ಒಂದು ತ್ರಾಸು, ಅವಳು ನಮ್ಮನ್ನೂ ಬಿಡುವುದಿಲ್ಲ. "ಆಯಿ, ನೀ ಶೇಂಗಾ ಎಲ್ಲಿಂದ ತರಸ್ತಿ?"

"ಮಿರಜದಿಂದ."

"ಬಾಜೂಕ ಕಲ್ಲಪ್ಪಜ್ಜ ಕಿರಾಣಿ ಅಂಗಡ್ಯಾಗ ನೊಣಾ ಹೊಡಕೋಂತ ಕುಂತಾನಲ್ಲ?"

ಕಲ್ಲಪ್ಪನ ತಕ್ಕಡಿಯ ಮೇಲೆ ನನಗೆ ಸಂಶಯ ಬಂದು ಹದಿನೈದು ವರ್ಷವಾಗಿತ್ತು, ಹುಣಸೆಹಣ್ಣಿನಲ್ಲಿ ಶುರುವಾದದ್ದು. ಆದರೂ ನಾಚಿಕೆಯಾಗಿ ಹೋದೆ. ನಾನು ಬದನೆಕಾಯಿ ನೋಡುವ ಹಾಗೆ ಅವನು ನನ್ನನ್ನು ನೋಡಿದ.

"ಏನಕ್ಕಾ, ಹಾದಿ ತಪ್ಪಿ ಬಂದಿಯೇನ?"

"ಎರಡ ಕಿಲೋ ಶೇಂಗಾ ಕೊಡೋ."

"ಶೇಂಗಾ? ನನ್ನ ಕಡೆ? ಯಾರರ ಕಳಿಸ್ಯಾರೇನ?" ಎಂದು ಸಂಶಯದಿಂದಲೇ ತೂಗತೊಡಗಿದ. ಸುಮ್ಮನೆ ನಿಲ್ಲಲಾಗದೆ ನಾನು ಮಾತಿಗೆ ಮಾತೆಂದು ಕೇಳಿದೆ: "ನಿನ್ನ ಮೊಮ್ಮಗ ಆರಾಮ ಅದಾನೇನ?"

ಕಲ್ಲಪ್ಪನ ಕೈ ತಕ್ಕಡಿಯ ಮೇಲೆ ನಿಂತಿತು. ಕಣ್ಣು ದೊಡ್ಡವಾದವು. ಒಳಗೆ ತಿರುಗಿ ಕೂಗಿದ: "ಮಹೇಶಾ, ಹೊಸಾ ಅಂಗಿ ಹಾಕ್ಕೊಂಡ ಹೊರಗ ಬಾರೋ! ಏ ಇವಳ, ಚಾ ಇಡು, ಸಕ್ರಿ ಜಾಸ್ತಿ!" ನಾನು ಚಾಚಿದ ನೋಟನ್ನು ಹಿಂದಕ್ಕೆ ಸರಿಸಿ, "ಇರ್ಲಿ ಬಿಡಕ್ಕಾ, ನಾಳೆ ಒಂದs ಮನಿಯವರ ಆಗೋರು" ಎಂದ.

ನೋಟನ್ನು ಅವನ ಗಲ್ಲಾಪೆಟ್ಟಿಗೆಯ ಮೇಲೆ ಬಿಸಾಕಿ, ಶೇಂಗಾ ಎತ್ತಿಕೊಂಡು ಓಡಿಬಂದೆ. ಮನೆಯಲ್ಲಿ ಶೇಂಗಾ ತೂಗಿ ನೋಡಿದರೆ ಎರಡು ಕಿಲೋ ಪೂರಾ, ಮೇಲೆ ಒಂದು ಹಿಡಿ ಹೆಚ್ಚೇ ಇತ್ತು. ಇಷ್ಟು ಧಾರಾಳ ಯಾಕೋ? ಹುಡುಗನಲ್ಲಿ ಏನಾದರೂ ಐಬಿದೆಯೇ? ನಾಳೆ ಉಪ್ಪು ತರುವ ನೆವದಲ್ಲಿ ಹೋಗಿ ಒಂದು ಸಲ ಸರಿಯಾಗಿ ನೋಡಿ ಬರಬೇಕು. ಸುಜಾತಾಗೆ ಮಾತ್ರ ಹೇಳಬೇಡಿ.