ನೂರಕ್ಕೆ ಎರಡು ಕೊಟ್ಟವರಿಲ್ಲ

ಸಿಂಧನೂರು, ಲಿಂಗಸುಗೂರು, ಮಸ್ಕಿ, ಈ ಮೂರೂ ಊರಲ್ಲಿ ಇಪ್ಪತ್ತು ವರ್ಷ ಮನೆ ದಲ್ಲಾಳಿ ಕೆಲಸ ಮಾಡಿದವನು ನಾನು. ಕಾಲುವೆ ನೀರಿಗೆ ಭತ್ತ ಬೆಳೆದು ಕೈಯಲ್ಲಿ ನಾಲ್ಕು ಕಾಸಾದವರಿಗೆಲ್ಲ ಪೇಟೆಯಲ್ಲೊಂದು ಮನೆ ಬೇಕಾಗಿತ್ತು. ಹಾಗಾಗಿ ಕೆಲಸಕ್ಕೆ ಬರವಿರಲಿಲ್ಲ, ಬರವಿದ್ದದ್ದು ದಲಾಲಿಗೆ. ಮನೆ ತೋರಿಸುವಾಗ 'ಅಣ್ಣಾರ' ಎಂದು ಬೆನ್ನು ಹತ್ತಿದವರೇ, ವ್ಯವಹಾರ ಮುಗಿದ ಮೇಲೆ ನೂರಕ್ಕೆ ಎರಡು ರೂಪಾಯಿ ಕೇಳಿದರೆ ಸಾಲ ಕೇಳಲು ಬಂದವನನ್ನು ನೋಡಿದಂತೆ ನೋಡುತ್ತಿದ್ದರು. "ಎಲ್ಲಿ ಹೊಕ್ಕೈತಿ ತಗೋರಿ, ನಾಳೆ ನೋಡೂಣು" ಎನ್ನುವುದು ಎಲ್ಲರ ಬಾಯಲ್ಲೂ ಒಂದೇ ಮಾತು; ದಲಾಲಿ ಎಲ್ಲಿಗೂ ಓಡಿಹೋಗುವುದಿಲ್ಲವೆಂದು ಅದರರ್ಥ. ಕೇಳಿ ಕೇಳಿ ನನಗೆ ಆ ನಾಳೆಯ ಮೇಲೇ ಸಿಟ್ಟು ಬಂದಿತ್ತು.

ನಾವಿದ್ದದ್ದು ಸಿಂಧನೂರಿನ ಬಾಡಿಗೆ ಮನೆಯಲ್ಲಿ. ಗೋಡೆಗೆ ಮೊಳೆ ಹೊಡೆಯಬಾರದೆಂದು ಮಾಲೀಕರ ಕಟ್ಟಪ್ಪಣೆ. ದೇವರ ಫೋಟೋಗಳೂ ನೆಲದ ಮೇಲೆ ಗೋಡೆಗೆ ಒರಗಿ ಕೂತಿದ್ದವು. "ಊರ ಮಂದಿಗೆಲ್ಲ ಮನಿ ಕೊಡಿಸ್ತೀರಿ. ನನಗ ಒಂದು ಮೊಳಿ ಹೊಡಿಯೂವಷ್ಟರ ಗ್ವಾಡಿ ಕೊಡಸ್ರಿ" ಎನ್ನುತ್ತಿದ್ದಳು ಹೆಂಡತಿ. "ಈ ಸಲದ ದಲಾಲಿ ಬರ್ಲಿ ತಡಿ" ಎನ್ನುತ್ತಿದ್ದೆ ನಾನು. ಆ ದಲಾಲಿಗಳ ಗತಿ ಏನಾಯಿತೆಂದು ಕೇಳಿ.

೧. ಬೀಗರಾದರು

ಸಿಂಧನೂರಿನ ಅಕ್ಕಿ ಗಿರಣಿಯವರೊಬ್ಬರು ಮನೆ ಮಾರಲು ಹೇಳಿದ್ದರು. ಒಬ್ಬ ಭತ್ತದ ರೈತ ಗಿರಾಕಿ ಸಿಕ್ಕ. ಹೆಂಡತಿ, ಮಗನನ್ನೂ ಕರೆದುಕೊಂಡು ಮನೆ ನೋಡಲು ಬಂದ. ಗಿರಣಿಯವರ ಮಗಳು ಚಹಾ ತಂದುಕೊಟ್ಟಳು. ನಾನು ತೊಲೆ, ಗೋಡೆ, ಹಿತ್ತಲ ಬಾವಿ ಎಂದು ವರ್ಣಿಸುತ್ತಿದ್ದೆ. ಹುಡುಗನ ಕಣ್ಣು ಅಡುಗೆ ಮನೆ ಬಾಗಿಲು ಬಿಟ್ಟು ಕದಲಲಿಲ್ಲ.

ಮೂರನೇ ಸಲ ಬಂದಾಗ ಮನೆಯ ಬೆಲೆ ಯಾರೂ ಎತ್ತಲಿಲ್ಲ. ಮಾತೆಲ್ಲ ಮನೆತನದ್ದು. ತಿಂಗಳಲ್ಲಿ ನಿಶ್ಚಯವಾಯಿತು, ಹುಡುಗ ಮನೆ ಅಳಿಯನಾಗುವುದೂ ಗೊತ್ತಾಯಿತು. ನಾನು ದಲಾಲಿ ಕೇಳಲು ಹೋದೆ.

"ಮನಿ ಎಲ್ಲಿ ಮಾರೀವಿ? ಮಗಳನ್ನ ಕೊಟ್ಟೀವಿ" ಎಂದರು ಗಿರಣಿಯವರು.

"ಹಂಗಾರ ಸಂಬಂಧ ಕೂಡಿಸಿದ್ದಕ್ಕರ ಏನಾರ..."

"ಅದು ಪುಣ್ಯದ ಕೆಲಸರಿ. ಪುಣ್ಯಕ್ಕ ಯಾರರ ದಲಾಲಿ ತಗೋತಾರೇನು?"

ಮದುವೆಯಲ್ಲಿ ನನ್ನ ಕೈಗೆ ಸಾರಿನ ಬಕೆಟ್ಟು ಕೊಟ್ಟು ಬಡಿಸಲು ಹಚ್ಚಿದರು. ಮರ್ಯಾದೆಗೆ ಅಂಜಿ ಐವತ್ತೊಂದು ರೂಪಾಯಿ ಆಯೇರಿ ಮಾಡಿ ಬಂದೆ.

೨. ಹೊರಸಿನ ಪಾಲು

ಮಸ್ಕಿಯಲ್ಲಿ ಒಬ್ಬ ಪುಣ್ಯಾತ್ಮ ದಲಾಲಿಯನ್ನು ಮಾತು ಮುಗಿದ ಜಾಗದಲ್ಲೇ ರೊಕ್ಕವಾಗಿ ಎಣಿಸಿ ಕೊಟ್ಟ. ನನಗೆ ಕಣ್ಣಲ್ಲಿ ನೀರು ಬಂತು. ನೋಟು ಜೇಬಿಗೆ ಸೇರುವ ಮೊದಲೇ ಮಾತಿಗೆ ಕೂತಿದ್ದವರಲ್ಲಿ ಒಬ್ಬ ಎದ್ದು ನಿಂತ.

"ಈ ಮನಿ ಮಾರೂದೈತಿ ಅಂತ ನಿಮಗ ಹೇಳಿದಾಂವ ನಾನು."

ಇನ್ನೊಬ್ಬ, "ಅವಗ ಹೇಳಿದಾಂವ ನಾನು" ಎಂದ. ಮೂರನೆಯವನು ಹಿರಿಯ. "ಮಾತು ಮುರಿಯಾಕತ್ತಿತ್ತು. ನಡುವ ಬಾಯಿ ಹಾಕಿ ಕೂಡಿಸಿದಾಂವ ಯಾರು?" ಎಂದು ಮೀಸೆ ತಿರುವಿದ. ಮೂವರಿಗೂ ಕೊಟ್ಟೆ. ಕಡೆಗೆ, ಅಲ್ಲಿಯ ತನಕ ತುಟಿ ಪಿಟಕ್ಕೆನ್ನದ ಒಬ್ಬ ಮುದುಕ ಕೈ ಚಾಚಿದ.

"ನೀವೇನು ಮಾಡೀರಿ ಅಜ್ಜಾರ?"

"ನಾ ಏನೂ ಮಾಡಿಲ್ಲಪ. ಆದ್ರ ಮೂರು ತಾಸಿನಿಂದ ನೀವೆಲ್ಲ ಕುಂತಿದ್ದು ನನ್ನ ಹೊರಸಿನ ಮ್ಯಾಲ. ಹಗ್ಗ ಜೋತು ಬಿದ್ದೈತಿ ನೋಡು."

ಅವನಿಗೂ ಕೊಟ್ಟು ಬಸ್ ಚಾರ್ಜು ಉಳಿಸಿಕೊಂಡೆ. ಬಸ್ಸಿನಲ್ಲಿ ಪಕ್ಕದವನು, "ಏನ್ರಿ, ವ್ಯಾಪಾರ ಕುದುರಿತೇನು?" ಎಂದ. ನಾನು ನಿದ್ದೆ ಬಂದವನಂತೆ ಕಣ್ಣು ಮುಚ್ಚಿದೆ. ಇವನೂ ಪಾಲು ಕೇಳಿದರೆ?

೩. ರಾಜಿ

ಲಿಂಗಸುಗೂರಿನದು ಇದಕ್ಕಿಂತ ಘೋರ. ಕೊಳ್ಳುವವನು, ಮಾರುವವನು ಇಬ್ಬರೂ ಬೆಲೆಗೆ ಒಪ್ಪಿ, ಮರುದಿನವೇ ಬೀದಿಯಲ್ಲಿ ನಿಂತು ಕಿತ್ತಾಡಿದರು. "ನಿನ್ನ ಮನಿ ಹೊಸ್ತಿಲ ತುಳಿದ್ರ ಕೇಳಲೇ!" ಎಂದು ಒಬ್ಬ. "ನಿನಗ ಮಾರೂದಕ್ಕಿಂತ ಮನಿ ಕೆಡವಿ ಬಿಡ್ತೀನಿ!" ಎಂದು ಮತ್ತೊಬ್ಬ. ನಾನು ನಡುವೆ ನಿಂತು ಕೈ ಮುಗಿದೆ. ಇಬ್ಬರನ್ನೂ ಬೇರೆಬೇರೆ ಹೋಟೆಲಿಗೆ ಕರೆದೊಯ್ದು ನನ್ನ ರೊಕ್ಕದಲ್ಲಿ ಚಹಾ ಕುಡಿಸಿ, ದ್ವೇಷ ಇಟ್ಟುಕೊಳ್ಳಬೇಡಿರೆಂದು ಬುದ್ಧಿ ಹೇಳಿದೆ.

ಹದಿನೈದು ದಿನ ಬಿಟ್ಟು ಬೇರೆ ಕೆಲಸಕ್ಕೆ ರಿಜಿಸ್ಟರ್ ಕಚೇರಿಗೆ ಹೋದರೆ, ಇಬ್ಬರೂ ಒಂದೇ ಬೆಂಚಿನಲ್ಲಿ ಕೂತು ಒಂದೇ ಪೊಟ್ಟಣದಿಂದ ಮಿರ್ಚಿ ಭಜಿ ತಿನ್ನುತ್ತಿದ್ದಾರೆ! ಖರೀದಿ ಪತ್ರದ ಶಾಯಿ ಇನ್ನೂ ಆರಿರಲಿಲ್ಲ.

"ಏನ್ರಪ್ಪಾ ಇದು? ಮತ್ತ ನನ್ನ ದಲಾಲಿ?" ಎಂದೆ.

ಒಬ್ಬ ಭಜಿ ನುಂಗಿ ಹೇಳಿದ: "ನೀವ ಹೇಳಿದ್ರಲ್ಲರಿ, ದ್ವೇಷ ಇಟ್ಕೋಬ್ಯಾಡ್ರಿ ಅಂತ. ಹಿರಿಯರ ಮಾತು ಮೀರಬಾರದು ಅಂದು ಒಂದಾದ್ವಿ."

೪. ಮೊಳೆ

ಒಂದು ದಿನ ಹೆಂಡತಿ ಗಾಬರಿಯಾಗಿ ಒಳಗೆ ಬಂದಳು. "ಮಾಲಕರು ಈ ಮನಿ ಮಾರಾಕತ್ತಾರಂತ. ಹೊರಗಿನಾಂವ ತಗೊಂಡ್ರ ನಾವು ಬೀದಿಗೆ ಬೀಳ್ತೀವ್ರಿ!" ನಾನು ಮಾಲೀಕರ ಮನೆಗೆ ಓಡಿದೆ. ಇಪ್ಪತ್ತು ವರ್ಷ ಊರಿಗೆಲ್ಲ ಚೌಕಾಸಿ ಕಲಿಸಿದವನು ಮಾಲೀಕರು ಹೇಳಿದ ಬೆಲೆಗೇ ತಲೆಯಾಡಿಸಿದೆ. ಸಾಲ ಸೋಲ ಮಾಡಿ, ಹೆಂಡತಿಯ ಬಂಗಾರದ ಬಳೆ ಒತ್ತೆ ಇಟ್ಟು, ಅಂತೂ ರಿಜಿಸ್ಟರ್ ಆಯಿತು.

ಕಚೇರಿ ಮೆಟ್ಟಿಲು ಇಳಿಯುವಾಗ ಹಳೆಯ ಚಟ ಸುಮ್ಮನಿರಲಿಲ್ಲ. "ಸಾಹುಕಾರ್ರ, ಮಾರಾವ್ರ ಕಡಿ ದಲಾಲಿ ಕೊಡಬೇಕಲ್ಲ. ಗಿರಾಕಿ ನಾನಾದ್ರೇನು, ದಲ್ಲಾಳಿನೂ ನಾನ."

"ದಲಾಲಿ ಕೊಟ್ಟಾಗೈತಲ್ಲರಿ!" ಎಂದರು ಅವರು. "ನೂರಕ್ಕ ಎರಡು, ಪೂರಾ."

"ಯಾರಿಗೆ?"

"ನಿಮ್ಮ ಮನಿಯವರಿಗೆ. ಮಾರೂ ವಿಚಾರ ಐತಿ ಅಂತ ಬಾಯಿ ಬಿಟ್ಟಿದ್ದೆ. 'ಚೌಕಾಸಿ ಮಾಡದ ಗಿರಾಕಿ ತರ್ತೀನಿ, ನನಗೇನು ಕೊಡ್ತೀರಿ?' ಅಂದ್ರು. ಮುಂಗಡ ಬಂದ ದಿನಾನ ಎಣಿಸಿ ಇಸಕೊಂಡಾರ. ಭಾಳ ಖಡಕ್ ಹೆಣಮಗಳು!"

ಉರಿಯುತ್ತ ಮನೆಗೆ ಬಂದೆ. ಬಾಗಿಲಲ್ಲೇ ಠಕ್ ಠಕ್ ಸದ್ದು. ಆಕೆ ಸ್ಟೂಲಿನ ಮೇಲೆ ನಿಂತು ಗುಂಡುಕಲ್ಲಿನಿಂದ ಗೋಡೆಗೆ ಮೊಳೆ ಹೊಡೆಯುತ್ತಿದ್ದಳು. ಒಂದಲ್ಲ, ಆಗಲೇ ಏಳು ಹೊಡೆದಿದ್ದಳು. ಕೈಯಲ್ಲಿ ಬಳೆ ಫಳಫಳ ಹೊಳೆಯುತ್ತಿದ್ದವು. ನಾನು ಒತ್ತೆ ಇಟ್ಟಿದ್ದ ಬಳೆಗಳೇ. ದಲಾಲಿಯಲ್ಲಿ ಬಿಡಿಸಿಕೊಂಡಿದ್ದಳು.

ನನ್ನ ಸಿಟ್ಟು ಎಲ್ಲಿ ಹೋಯಿತೋ. ಅಷ್ಟಾದರೂ ಬಾಯಿ ಸುಮ್ಮನಿರಬೇಕಲ್ಲ. "ಗಿರಾಕಿ ಅಂದ್ರ ನಾನ ಅಲ್ಲೇನು? ದಲಾಲ್ಯಾಗ ನನ್ನ ಪಾಲು?" ಎಂದೆ.

ಆಕೆ ತಿರುಗಿ ಸಹ ನೋಡಲಿಲ್ಲ. ಎಂಟನೇ ಮೊಳೆಯನ್ನು ಗೋಡೆಗಿಟ್ಟು ಹೇಳಿದಳು:

"ಎಲ್ಲಿ ಹೊಕ್ಕೈತಿ ತಗೋರಿ, ನಾಳೆ ನೋಡೂಣು."